ಬೆಳ್ಳಿಯ ಚೂರುಗಳನ್ನು ಮಲಗಿಸುವ ಕೆಲಸ

ಗಿರಾಕಿ ತಮ್ಮ ಸ್ಕೂಟರಿನ ಮಡ್‌ಗಾರ್ಡಿನ ಅಂಚಿಗೆ ಉಗುರು ಕೊಟ್ಟು ಎಳೆದರು. ನಾನು ಹೊಡೆದ ಬೆಳ್ಳಿ ಬಣ್ಣ ಬೇಯಿಸಿದ ಹಲಸಿನ ಬೀಜದ ಸಿಪ್ಪೆಯಂತೆ ಎದ್ದು ಬಂತು. ಅಂಗೈಯಗಲದ ಒಂದೇ ತುಂಡು. ಅಡಿಯ ಹಿಡಿತಕ್ಕೆ ಹೊಡೆದ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಮೂರೂ ಒಟ್ಟಿಗೆ. ಅಡಿಯ ಕಪ್ಪು ಪ್ಲಾಸ್ಟಿಕ್ ಬಣ್ಣವನ್ನೇ ಕಾಣದ ಹಾಗೆ ನುಣ್ಣಗೆ ಉಳಿದಿತ್ತು. "ಅಣ್ಣಾ, ಎರಡು ತಿಂಗಳೂ ಆಗಲಿಲ್ಲವಲ್ಲ" ಎಂದರು. ಅವರು ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನ ಶೆಡ್ ಇದೆ. ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಜೀಪು ಮತ್ತು ಟೆಂಪೋಗಳ ಮೇಲೆ. ಅಂದರೆ ನನ್ನ ಕೈ ಪಳಗಿದ್ದು ತಗಡಿಗೆ. ಸ್ಕೂಟರುಗಳ ಮೈಯೆಲ್ಲ ಪ್ಲಾಸ್ಟಿಕ್ ಆಗುತ್ತ ಬಂದ ಮೇಲೂ ತಗಡಿಗೆ ಮಾಡಿದ್ದನ್ನೇ ಅದಕ್ಕೂ ಮಾಡುತ್ತ ಬಂದಿದ್ದೆ.

ಆ ಮಡ್‌ಗಾರ್ಡನ್ನು ಮಗುಚಿ ನೋಡಿದಾಗ ಒಳಮೈಯಲ್ಲಿ, ಬಾಣದ ಮೊನೆಯಂತಹ ಎರಡು ಗುರುತುಗಳ ನಡುವೆ, 'ಪಿಪಿ' ಎಂಬ ಅಚ್ಚು ಕಂಡಿತು. ಪಾಲಿಪ್ರೊಪಿಲೀನ್. ಇದರ ಮೈ ಕೆಸುವಿನ ಎಲೆಯ ಹಾಗೆ. ಮೇಲೆ ಬಿದ್ದದ್ದು ಹರಡದೆ ಹನಿಯಾಗಿ ಜಾರುತ್ತದೆ. ಸಾಮಾನ್ಯ ಪ್ರೈಮರಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಸೈಡ್ ಪ್ಯಾನಲ್, ಮುಂದಿನ ಏಪ್ರನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್. ಅದು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಗುರುತು ಅಳಿಸಿಹೋಗಿದ್ದರೆ ಒಳಗಿನಿಂದ ಚಿಕ್ಕ ಚೂರು ಕೆತ್ತಿ ನೀರಿಗೆ ಹಾಕುತ್ತೇನೆ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಟಾಲ್ಕ್ ಪುಡಿ ಹೆಚ್ಚು ಬೆರೆಸಿದ ಪಿಪಿ ಕೂಡ ಮುಳುಗುವುದುಂಟು. ಹಾಗಾಗಿ ಸಂಶಯವಿದ್ದಾಗ ಪಿಪಿ ಎಂದೇ ಲೆಕ್ಕ ಹಾಕುತ್ತೇನೆ.

ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ನೀರಿನಂತೆ ತೆಳ್ಳಗಿರುವ ಪಾರದರ್ಶಕ ದ್ರವ ಅದು. ದಪ್ಪವಾಗಿ ಹೊಡೆದರೆ ಹೆಚ್ಚು ಹಿಡಿದೀತು ಎಂದು ನಾನೂ ಭಾವಿಸಿದ್ದೆ, ಆಗುವುದು ತದ್ವಿರುದ್ಧ. ಮೈ ಒದ್ದೆಯಾದಂತೆ ಕಾಣುವಷ್ಟು ತೆಳುವಾದ ಒಂದು ಪದರ ಸಾಕು. ಡಬ್ಬಿಯ ಮೇಲೆ ಬರೆದ ಹೊತ್ತಿನೊಳಗೆ ಮುಂದಿನ ಪದರ ಬೀಳಬೇಕು. ಊಟಕ್ಕೆ ಹೋಗಿ ಬಂದು ಮುಂದುವರಿಸುತ್ತೇನೆ ಎಂದರೆ ಕೆಲಸ ಕೆಟ್ಟಿತು. ಎಬಿಎಸ್‌ನ ಕಷ್ಟ ಬೇರೆ. ಕಡುವಾದ ಥಿನ್ನರಿನಿಂದ ಒರೆಸಿದರೆ ಅದರ ಮೈ ಕರಗಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತವೆ. ಬೆಳ್ಳಿ ಬಣ್ಣದ ಅಡಿಯಲ್ಲಿ ಅಂತಹ ಒಂದು ಬಿರುಕೂ ಅಡಗುವುದಿಲ್ಲ. ಈಗ ನಾನು ಒರೆಸುವುದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ. ಅದಕ್ಕೂ ಮೊದಲು ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ಎರಡು ಸಲ ತೊಳೆಯುತ್ತೇನೆ. ಹೊಸ ಭಾಗವಾದರೂ ಬಿಡುವುದಿಲ್ಲ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ ಎಣ್ಣೆಯಂಶ ಹೊಸದರ ಮೇಲೆಯೇ ಹೆಚ್ಚು.

ಉಜ್ಜುವುದಕ್ಕೆ 400 ಅಥವಾ 600ರ ವಾಟರ್ ಪೇಪರ್, ಕೊನೆಗೆ 800; ಅಂಕಿ ಏರಿದಷ್ಟೂ ಕಾಗದ ನುಣುಪು. ಬೇರೆ ಬಣ್ಣಗಳು ಸಣ್ಣ ಗೀರನ್ನು ನುಂಗಿಕೊಳ್ಳುತ್ತವೆ, ಬೆಳ್ಳಿಯಂತಹ ಮೆಟಾಲಿಕ್ ಬಣ್ಣ ಅದನ್ನೇ ಎತ್ತಿ ತೋರಿಸುತ್ತದೆ. ಉಜ್ಜಿದ ಪ್ಲಾಸ್ಟಿಕ್ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಒಣ ಬಟ್ಟೆಯಿಂದ ಒರೆಸಿದಷ್ಟೂ ಹೆಚ್ಚು ಎಳೆಯುತ್ತದೆ. ಜನವರಿಯ ಒಣ ಗಾಳಿಯಲ್ಲಿ ಇದರ ಕಾಟ ಹೇಳಿ ಮುಗಿಯದು. ನೆಲಕ್ಕೆ ನೀರು ಚಿಮುಕಿಸಿ, ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆದು, ಅಲ್ಲಿಂದ ನೇರವಾಗಿ ಬಣ್ಣ ಹೊಡೆಯುವ ಗನ್ ಹಿಡಿಯುತ್ತೇನೆ.

ಮೆಟಾಲಿಕ್ ಬಣ್ಣದ ಹೊಳಪಿಗೆ ಕಾರಣ ಅದರೊಳಗಿರುವ ಅಲ್ಯೂಮಿನಿಯಂ ಚೂರುಗಳು, ಅವಲಕ್ಕಿಯಂತೆ ಚಪ್ಪಟೆಯಾದವು. ಅವೆಲ್ಲ ಮೈಗೆ ಸಮಾನಾಂತರವಾಗಿ ಮಲಗಿದರೆ ಬೆಳಕು ಒಂದೇ ಕಡೆಗೆ ಹಿಂದಿರುಗುತ್ತದೆ, ಲೋಹದಂತೆ ಕಾಣುತ್ತದೆ. ಕೆಲವು ನಿಂತು, ಕೆಲವು ಗುಂಪುಗೂಡಿದರೆ ಕಪ್ಪು ಮೋಡ ಕಟ್ಟಿದಂತೆ ಮಚ್ಚೆಗಳಾಗುತ್ತವೆ. ಒದ್ದೆಯಾಗಿ ಹೊಡೆದಾಗ ಚೂರುಗಳು ಆ ಒದ್ದೆಯಲ್ಲಿ ಈಜಾಡುತ್ತವೆ. ಹಾಗಾಗಿ ಕಲಿಯುವ ಹುಡುಗನಿಗೆ ನಾನು ಹೇಳುವುದು ಇಷ್ಟೇ: ಚೂರುಗಳನ್ನು ಮಲಗಿಸು, ಮುಳುಗಿಸಬೇಡ.

1.3 ಮಿಲಿಮೀಟರಿನ ನಾಝಲ್, ಸುಮಾರು 2 ಬಾರ್ ಒತ್ತಡ, ಮೈಯಿಂದ 15–20 ಸೆಂಟಿಮೀಟರ್ ದೂರ. ಪ್ರತಿ ಎಳೆತವೂ ಹಿಂದಿನದರ ಮುಕ್ಕಾಲು ಪಾಲನ್ನು ಮುಚ್ಚುತ್ತ ಸಾಗಬೇಕು. ಮಣಿಕಟ್ಟು ತಿರುಗಬಾರದು, ಇಡೀ ತೋಳು ಚಲಿಸಬೇಕು. ತೆಳುವಾದ ಎರಡು ಮೂರು ಪದರ. ಪ್ರತಿಯೊಂದರ ನಂತರ ಹೊಳಪು ಆರಿ ಮಂಕಾಗುವ ತನಕ ಕಾಯುವುದು. ಕೊನೆಯದಾಗಿ ಗನ್ನನ್ನು ಇನ್ನೊಂದು ಗೇಣಿನಷ್ಟು ಹಿಂದಕ್ಕೆ ತಂದು, ಒತ್ತಡ ತುಸು ಇಳಿಸಿ, ಬೆಳಗಿನ ಮಂಜು ಬಿದ್ದಂತೆ ಒಂದು ಪದರ. ಆಗ ಭಾಗವನ್ನು ಬಾಗಿಲ ಬಳಿಗೆ ಒಯ್ದು ಓರೆಯಾಗಿ ಹಿಡಿಯುತ್ತೇನೆ. ನೇರವಾಗಿ ನೋಡಿದರೆ ತಿಳಿಯದ ಪಟ್ಟೆಗಳು ಓರೆಯ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ. ಅಲ್ಲಿ ಕಾಣದಿದ್ದರೆ ಕ್ಲಿಯರ್ ಹಾಕಬಹುದು. ಮೆಟಾಲಿಕ್ ಪದರವನ್ನು ಉಜ್ಜಿ ಸರಿಪಡಿಸಲು ಹೋಗಬಾರದು, ಉಜ್ಜಿದರೆ ಚೂರುಗಳೇ ಹರಿದುಹೋಗುತ್ತವೆ.

ಡಬ್ಬಿಯ ತಳದಲ್ಲಿ ಚೂರು ಕುಳಿತಿರುತ್ತದೆ. ತಳ ಮುಟ್ಟಿಸಿ ಕಲಕದಿದ್ದರೆ ಮೊದಲ ಪ್ಯಾನಲ್ ಒಂದು ಬಣ್ಣ, ಕೊನೆಯದು ಇನ್ನೊಂದು. ಒಂದು ಗಾಡಿಯ ಎಲ್ಲ ಭಾಗಗಳನ್ನೂ ಒಂದೇ ದಿನ, ಗಾಡಿಯಲ್ಲಿ ಇರುವ ಹಾಗೆಯೇ ನೇತುಹಾಕಿ ಹೊಡೆಯುತ್ತೇನೆ. ಅಡ್ಡ ಮಲಗಿಸಿ ಹೊಡೆದದ್ದೂ ನಿಲ್ಲಿಸಿ ಹೊಡೆದದ್ದೂ ಪಕ್ಕಪಕ್ಕ ಕೂಡಿಸಿದಾಗ ಒಂದೇ ಬಣ್ಣವಾಗಿ ಕಾಣುವುದಿಲ್ಲ.

ಇನ್ನು ನಮ್ಮೂರಿನ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಜಿಲ್ಲೆಯಲ್ಲಿ ಜೂನ್ ಬಂತೆಂದರೆ ಬಣ್ಣದವನ ಎದೆ ಭಾರವಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕುಳಿತು ಬಿಳಿ ಮಬ್ಬು ಕಟ್ಟುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಿಧಾನವಾಗಿ ಆರುವ ಥಿನ್ನರನ್ನೇ ಬಳಸುತ್ತೇನೆ. ಕಂಪ್ರೆಸರಿನ ಟ್ಯಾಂಕಿನಿಂದ ಬೆಳಗ್ಗೆಯೂ ಮಧ್ಯಾಹ್ನವೂ ನೀರು ಬಿಡುತ್ತೇನೆ. ಎಡೆಬಿಡದ ಮಳೆಯ ದಿನ ಮೆಟಾಲಿಕ್ ಮುಟ್ಟುವುದೇ ಇಲ್ಲ. ಗಿರಾಕಿ ಅವಸರ ಮಾಡಿದರೆ ಪುಟ್ಟಿ, ಪ್ರೈಮರ್ ಮಾಡಿಟ್ಟು ಬಿಸಿಲಿಗೆ ಕಾಯುತ್ತೇನೆ.

ಕ್ಲಿಯರ್ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ದಮ್ಮು ಹಿಡಿಯುತ್ತದೆ. ಒಮ್ಮೆ ಒಗ್ಗದ ದೇಹಕ್ಕೆ ಆಮೇಲೆ ತುಸುವೂ ಸಹ್ಯವಾಗುವುದಿಲ್ಲ. ಬಹಳ ವರ್ಷ ನಾನು ಮೂಗಿಗೆ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಕಟ್ಟಿಕೊಂಡು ಹೊಡೆದೆ. ಬೈರಾಸು ಏನನ್ನೂ ತಡೆಯುವುದಿಲ್ಲ. ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ತಂದ ಮೇಲೆಯೇ ಕಲಿಯುವ ಹುಡುಗನನ್ನು ಶೆಡ್ಡಿನೊಳಗೆ ಸೇರಿಸಿಕೊಂಡೆ.

ಊರಿನ ಮಕ್ಕಳ ಯಕ್ಷಗಾನ ತಂಡದವರು ಒಮ್ಮೆ ಒಂದು ಪೆಟ್ಟಿಗೆ ತುಂಬ ಆಭರಣ ಹೊತ್ತು ತಂದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆಯಲ್ಲಿ ವೇಷದ ಕೆಲಸಕ್ಕೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಮರದಲ್ಲಿ ಕೊರೆದು ಬೇಗಡೆಯ ಹೊಳೆಯುವ ತೆಳು ಹಾಳೆ ಅಂಟಿಸಿದ ಕಿರೀಟ, ಭುಜಕೀರ್ತಿಗಳ ಅಂದವೇ ಬೇರೆ. ಮಕ್ಕಳ ಹೆಗಲಿಗೆ ಹಗುರವಾಗಲೆಂದು ಇವನ್ನು ಎಬಿಎಸ್ ಹಾಳೆಯಲ್ಲಿ ಕತ್ತರಿಸಿದ್ದರು. ನಡುವೆ ಎರಡು ಥರ್ಮೊಕೋಲ್ ತುಂಡುಗಳಿದ್ದವು. ಥಿನ್ನರ್ ತಾಗಿದರೆ ಕರಗಿಹೋಗುವ ಅವನ್ನು ಬೇರೆ ತೆಗೆದಿಟ್ಟೆ.

ಚಿನ್ನದ ಪುಡಿ ಕಲಸಿ ಹೊಡೆಯಿರಿ ಎಂದರು. ಆ ಪುಡಿ ತಾಮ್ರ ಮತ್ತು ಸತುವಿನ ಮಿಶ್ರಣ. ಬೆವರು, ಉಪ್ಪುಗಾಳಿ ತಾಗಿದರೆ ಕಂದಿ ಹಸಿರುಗಟ್ಟುತ್ತದೆ. ನಾನು ಮೊದಲು ನುಣುಪಾದ ಬೆಳ್ಳಿ ಹೊಡೆದೆ. ಅದರ ಮೇಲೆ ಪಾರದರ್ಶಕ ಹಳದಿಯ ಜೊತೆ ಒಂದೆರಡು ಹನಿ ಕೆಂಪು ಬೆರೆಸಿದ ಕ್ಲಿಯರ್. ಒಂದು ಪದರಕ್ಕೆ ತೆಳು ಹಳದಿ, ಎರಡಕ್ಕೆ ಚಿನ್ನ, ಮೂರಕ್ಕೆ ಹಳೆಯ ಒಡವೆಯ ಕೆಂಪು ಚಿನ್ನ. ಎರಡಕ್ಕೆ ನಿಲ್ಲಿಸಿ ಒಣಗಲು ಬಿಟ್ಟೆ. ಹೂಬಳ್ಳಿಯ ತಗ್ಗುಗಳಲ್ಲಿ ತೆಳುವಾದ ಕಂದು ತುಂಬಿ ಮೇಲ್ಮೈಯನ್ನು ಒರೆಸಿದಾಗ ಚಪ್ಪಟೆ ಹಾಳೆಗೆ ಕೆತ್ತನೆಯ ಆಳ ಬಂತು. ದೊಡ್ಡ ಚೂರಿನ ಬೆಳ್ಳಿಯಾಗಿದ್ದರೆ ರಂಗದ ದೀಪಕ್ಕೆ ಮಿಣುಕುತ್ತಿತ್ತು. ಸಣ್ಣ ಚೂರು ದೂರಕ್ಕೆ ಗಟ್ಟಿ ಲೋಹವಾಗಿ ಕಂಡಿತು.

ಆಟ ಮುಗಿದ ವಾರ ಪೆಟ್ಟಿಗೆಯನ್ನು ಮತ್ತೆ ತರಿಸಿ ಒಂದೊಂದನ್ನೇ ನೋಡಿದೆ. ಎದೆಪದಕದ ಹಿಂದೆ ಬೆವರಿನ ಬಿಳಿ ಕಲೆ ಇತ್ತು. ಒದ್ದೆ ಬಟ್ಟೆಗೆ ಹೋಯಿತು. ಭುಜಕೀರ್ತಿಯಲ್ಲಿ ಹುರಿ ಕಟ್ಟುವ ತೂತಿನ ಸುತ್ತ ಮಾತ್ರ ಬಣ್ಣ ಸಣ್ಣಗೆ ಚಕ್ಕೆ ಎದ್ದಿತ್ತು. ಚೂಪಾದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಎರಡೂ ಬದಿಗೆ ಜಾರಿ ತೆಳುವಾಗುತ್ತದೆ. ಈಗ ಪ್ರೈಮರಿಗೆ ಮೊದಲು ಪ್ರತಿ ತೂತಿನ ಅಂಚನ್ನೂ 400ರ ಕಾಗದ ಸುರುಳಿ ಮಾಡಿ ಉರುಟಾಗಿಸುತ್ತೇನೆ. ಆ ಜಾಗಕ್ಕೆ ಕ್ಲಿಯರಿನ ಒಂದು ಪದರ ಹೆಚ್ಚು ಕೊಡುತ್ತೇನೆ.