ಚೀನೀ ಭಾಷೆಗೆ ಕನ್ನಡದ ದಾರಿ ಹಿಡಿದೆ

ಚೀನೀ ಕಲಿಸುವ ಪುಸ್ತಕ, ಆ್ಯಪ್‌ಗಳಲ್ಲಿ ಬಹುಪಾಲು ಇಂಗ್ಲಿಷ್ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಬಟ್ಟೆ ಖರೀದಿಯ ಕೆಲಸಕ್ಕೆಂದು ಗುವಾಂಗ್‌ಜೋ ನಗರಕ್ಕೆ ಬಂದಾಗ ನಾನೂ ಅವುಗಳಿಂದಲೇ ಶುರು ಮಾಡಿದೆ. ಆದರೆ ಮಾತು ಸಲೀಸಾಗಿ ಬಾಯಿಗೆ ಬಂದದ್ದು ಇಂಗ್ಲಿಷನ್ನು ಬದಿಗಿಟ್ಟು, ಎಲ್ಲವನ್ನೂ ಕನ್ನಡದ ಜೊತೆ ಹೋಲಿಸಿ ನೋಡತೊಡಗಿದ ಮೇಲೆ.

ಮೊದಲು ಉಚ್ಚಾರ. ಚೀನೀ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. ಅದು 1958ರಲ್ಲಿ ಜಾರಿಗೆ ಬಂತು. ಅದರಲ್ಲಿ 'ಬಿ' ಅಕ್ಷರ ಕಂಡರೆ ಬ ಅಂತ ಓದಬಾರದು. ಅದು ಹೆಚ್ಚುಕಡಿಮೆ ನಮ್ಮ ಪ. 'ಪಿ' ಅಂದರೆ ಉಸಿರು ಬಿಟ್ಟು ಹೇಳುವ ಫ. ಫಲದ ಫ, ಫ್ಯಾನಿನದಲ್ಲ. ಹಾಗೆಯೇ 'ಡಿ' ಅಂದರೆ ತ, 'ಟಿ' ಅಂದರೆ ಥ, 'ಜಿ' ಅಂದರೆ ಕ, 'ಕೆ' ಅಂದರೆ ಖ. ಇದನ್ನು ಇಂಗ್ಲಿಷಿನವರಿಗೆ ಕಲಿಸುವಾಗ ಬಾಯಿ ಮುಂದೆ ಕಾಗದ ಹಿಡಿದು, ಅದು ಅಲುಗುತ್ತದಾ ಅಂತ ನೋಡಿಸುತ್ತಾರೆ. ನಾವು ಅಲ್ಪಪ್ರಾಣ, ಮಹಾಪ್ರಾಣ ಅಂತ ಚಿಕ್ಕಂದಿನಲ್ಲೇ ಓದಿರುತ್ತೇವೆ ಅಲ್ವಾ? ಹಾಗಾಗಿ ನನ್ನ ಪದಪಟ್ಟಿಯನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಬಟ್ಟೆಗೆ 'ಪು', ಸಕ್ಕರೆಗೆ 'ಥಾಂಗ್'. ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗಿಬಿಡುವುದು ಜಾಸ್ತಿ. ಇಲ್ಲಿ ಮಾತ್ರ ಒತ್ತಿಯೇ ಹೇಳಬೇಕು.

ದನಿಯ ಏರಿಳಿತಕ್ಕೆ ಕನ್ನಡದ ಸಹಾಯ ಸಿಗುವುದಿಲ್ಲ. ಅಧಿಕೃತ ಚೀನೀ, ಅಂದರೆ ಮ್ಯಾಂಡರಿನ್‌ನಲ್ಲಿ ನಾಲ್ಕು ಏರಿಳಿತ, ಜೊತೆಗೆ ಹಗುರವಾಗಿ ಹೇಳುವ ಇನ್ನೊಂದು. ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದ ಜೋಡಿ 'ಮಾಯ್'. ದನಿ ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಥಟ್ಟನೆ ಇಳಿಸಿದರೆ ಮಾರುವುದು. ಇಂಥ ಪದಗಳನ್ನು ಒಂಟಿಯಾಗಿ ಉರು ಹೊಡೆಯಲಿಲ್ಲ. 'ನಾನು ಬಟ್ಟೆ ಕೊಳ್ಳಬೇಕು' ಅನ್ನುವ ಇಡೀ ವಾಕ್ಯವನ್ನೇ ಹಾಡಿನಂತೆ ಬಾಯಿಪಾಠ ಮಾಡಿದೆ. ಆಮೇಲೆ ಚೀನೀ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ ಧ್ವನಿ ಸಂದೇಶ ಕಳಿಸಿ, ಅದನ್ನು ಬರಹಕ್ಕೆ ತಿರುಗಿಸಿ ನೋಡುತ್ತಿದ್ದೆ. ಬೇಕಾದ ಅಕ್ಷರ ಮೂಡಿದರೆ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ.

ವಾಕ್ಯದ ಕಟ್ಟಣೆಯಲ್ಲಿ ಬಹಳ ಖುಷಿಯಾಯಿತು. 'ನಾನು ನಿನ್ನೆ ಕೊಂಡ ಬಟ್ಟೆ' ಅನ್ನುವುದನ್ನು ಚೀನೀಯಲ್ಲೂ ಇದೇ ಕ್ರಮದಲ್ಲಿ ಹೇಳುತ್ತಾರೆ. ಇಂಗ್ಲಿಷಿನಲ್ಲಾದರೆ ಬಟ್ಟೆ ಮುಂದೆ ಬಂದು ಉಳಿದದ್ದು ಹಿಂದೆ ಬರಬೇಕು. ಪ್ರಶ್ನೆ ಕೇಳಲು ಕೊನೆಗೆ 'ಮಾ' ಸೇರಿಸಿದರಾಯಿತು, ನಾವು 'ಆ' ಸೇರಿಸುವಂತೆ. ಸಿಕ್ಕಾಗ ಮಾತಿಗೆ 'ಛಿ ಲ ಮಾ?' ಅನ್ನುವುದೂ ಇದೆ. ಊಟ ಆಯ್ತಾ ಅಂತ ಅರ್ಥ. ಉತ್ತರ 'ಛಿ ಲ'. ಆಯ್ತು, ಅಷ್ಟೇ. ಊಟಕ್ಕೆ ಕರೆಯುತ್ತಿದ್ದಾರೆ ಅಂತ ಕನ್ನಡಿಗರು ಯಾರೂ ತಿಳಿಯುವುದಿಲ್ಲ! ಆದರೆ ಕ್ರಿಯಾಪದ ಮಾತ್ರ ಇಂಗ್ಲಿಷಿನಂತೆ ಕರ್ಮಕ್ಕಿಂತ ಮೊದಲು ಬರುತ್ತದೆ. ಅದನ್ನು ರೂಢಿ ಮಾಡಿಕೊಳ್ಳಬೇಕು.

ನೆಂಟಸ್ತಿಕೆಯ ಪದಗಳನ್ನು ಕಲಿಯುವಾಗಲೂ ಇಂಗ್ಲಿಷ್ ಅಡ್ಡಿಯೇ. ಎಲ್ಲರೂ 'ಅಂಕಲ್' ಆಗಿಬಿಡುತ್ತಾರೆ. ಚೀನೀಯಲ್ಲಿ ಅಣ್ಣ ಬೇರೆ, ತಮ್ಮ ಬೇರೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಬೇರೆ ಬೇರೆ ಪದ. ಒಂದು ಕಡೆ ನಮಗಿಂತ ಒಂದು ಹೆಜ್ಜೆ ಮುಂದೆ: ತಂದೆಯ ತಾಯಿ 'ನಾಯ್‌ನಾಯ್', ತಾಯಿಯ ತಾಯಿ 'ವಾಯ್‌ಫೋ'. ಹೊರಗಿನವರನ್ನೂ ಬರಿ ಹೆಸರಿನಿಂದ ಕರೆಯುವುದು ಕಡಿಮೆ. ಅಂಗಡಿಯ ಯಜಮಾನನಿಗೆ 'ಲಾವ್‌ಪಾನ್', ಟ್ಯಾಕ್ಸಿ ಡ್ರೈವರಿಗೆ 'ಶಿಫು' (ಇಲ್ಲಿ ಫ್ಯಾನಿನ ಫ). ಹೀಗೆ ಕರೆದು ಮಾತು ಶುರು ಮಾಡಿದರೆ ಎದುರಿನವರ ಮುಖ ಅರಳುತ್ತದೆ.

ಬೆಲೆಯ ಮಾತಿಗೆ ಎರಡು ವಿಷಯ ಗೊತ್ತಿರಲೇಬೇಕು. ದೊಡ್ಡ ಸಂಖ್ಯೆಗಳನ್ನು 'ವಾನ್', ಅಂದರೆ ಹತ್ತು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್. ಇನ್ನು, ರಿಯಾಯಿತಿಯ ಬೋರ್ಡಿನಲ್ಲಿ 8 ಅಂತಿದ್ದರೆ ನೂರಕ್ಕೆ ಎಂಬತ್ತು ಕೊಡಬೇಕು ಅಂತ ಅರ್ಥ.

ಲಿಪಿಯನ್ನು ನಾನು ಕಲಿತದ್ದು ಜೋಂಗ್‌ದಾ ಬಟ್ಟೆ ಮಾರುಕಟ್ಟೆಯ ಬೋರ್ಡುಗಳಿಂದ. ಅಕ್ಷರಗಳೊಳಗೆ ಚಿಕ್ಕ ಭಾಗಗಳಿರುತ್ತವೆ. ಎಷ್ಟೋ ಅಕ್ಷರಗಳಲ್ಲಿ ಒಂದು ಭಾಗ ಅರ್ಥವನ್ನು, ಇನ್ನೊಂದು ಉಚ್ಚಾರವನ್ನು ಸೂಚಿಸುತ್ತದೆ. ರೇಷ್ಮೆ ಎಳೆಯನ್ನು ಸೂಚಿಸುವ ಭಾಗ ದಾರದ ಅಕ್ಷರದ ಎಡಕ್ಕಿದೆ. ಕೆಂಪು, ಹಸಿರು ಬಣ್ಣಗಳ ಅಕ್ಷರಗಳಲ್ಲೂ ಅದೇ ಇದೆ. ಬಣ್ಣ ಅಂದರೆ ಮೊದಲಿಗೆ ನೂಲಿಗೆ ಹಾಕುವ ಬಣ್ಣವೇ ತಾನೇ? ಕಾಗದದ ಅಕ್ಷರದಲ್ಲೂ ಅದೇ ಭಾಗ. ಇದು ತಿಳಿದ ಮೇಲೆ ಸುಮ್ನೆ ಗೀಚಿ ಗೀಚಿ ಬರೆಯುವುದನ್ನು ಬಿಟ್ಟೆ. ಹೊಸ ಅಕ್ಷರ ಕಂಡರೆ ಮೊದಲು ಭಾಗಗಳನ್ನು ಬಿಡಿಸಿ ನೋಡುತ್ತೇನೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸ ಬೇಡ ಅಂದರೆ ಸಾಲದು. ತರಕಾರಿಯನ್ನೇ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. 'ವೋ ಛಿ ಸು', ನಾನು ಸಸ್ಯಾಹಾರಿ, ಅಂತ ಮೊದಲೇ ಹೇಳಿ, ಸಾರು, ಮೊಟ್ಟೆ ಬೇಡ ಅಂತಲೂ ಬಿಡಿಸಿ ಹೇಳಬೇಕು. ಗುವಾಂಗ್‌ಜೋದಲ್ಲಿ ಊಟಕ್ಕೆ ಮೊದಲು ಬಟ್ಟಲು, ಕಡ್ಡಿಗಳನ್ನು ಬಿಸಿ ಚಹಾದಲ್ಲಿ ತೊಳೆಯುವ ರೂಢಿ ಇದೆ. ಯಾರಾದರೂ ನಿಮ್ಮ ಲೋಟಕ್ಕೆ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ. ಮಾತಿನ ನಡುವೆ ನಿಲ್ಲಿಸಿ ಧನ್ಯವಾದ ಹೇಳಬೇಕಾಗಿಲ್ಲ.