ರ‍್ಯಾಮ್ ಡಿಸ್ಕ್ ಹಾಕಿದರೆ ಕಂಪೈಲ್ ಬೇಗ ಮುಗಿಯುತ್ತಾ? ಅಳೆದು ನೋಡುವುದು ಹೀಗೆ

ಧಾರವಾಡದಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಹೋದ ಭಾನುವಾರ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದ. ಬಂದವನೇ ಲ್ಯಾಪ್‌ಟಾಪ್ ತೆರೆದು ಲಿನಕ್ಸ್‌ನ ತಿರುಳಾದ ಕರ್ನಲನ್ನು ಕಂಪೈಲ್ ಮಾಡಲು, ಅಂದರೆ ಸೋರ್ಸ್ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಪ್ರೋಗ್ರಾಮ್ ಆಗಿ ಬದಲಿಸಲು, ಹಚ್ಚಿದ. ಊಟ ಮುಗಿದರೂ ಅದು ಮುಗಿಯಲಿಲ್ಲ. "ಮಾಮಾ, ಫೈಲೆಲ್ಲಾ ರ‍್ಯಾಮ್‌ನ್ಯಾಗ ಇಟ್ರ ಲಗೂ ಮುಗೀತೈತಂತ, ಖರೇನ?" ಎಂದು ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಇರುವ ಜಾಗ ಮುಟ್ಟಲು ಸುಮಾರು 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ರ‍್ಯಾಮ್‌ಗೆ ಇನ್ನೂ ಸಾವಿರ ಪಟ್ಟು ಕಡಿಮೆ. ಹಾಗಾದರೆ ರ‍್ಯಾಮ್‌ನ ಒಂದು ಪಾಲನ್ನೇ ಡಿಸ್ಕ್ ಮಾಡಿಕೊಂಡರೆ ಕೆಲಸ ಓಡಬೇಕಲ್ವಾ? ಹೆಚ್ಚಿನ ಸಲ ಓಡುವುದಿಲ್ಲ.

ಏಕೆಂದರೆ ಲಿನಕ್ಸ್ ಈ ಕೆಲಸವನ್ನು ಮೊದಲೇ ಮಾಡುತ್ತಿರುತ್ತದೆ. ಒಮ್ಮೆ ಓದಿದ ಫೈಲನ್ನು ಖಾಲಿ ರ‍್ಯಾಮ್‌ನಲ್ಲಿ ತಾನೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಒಂದೇ ಹೆಡರ್ ಫೈಲನ್ನು ಸಾವಿರ ಸಿ ಫೈಲುಗಳು ಕೇಳಿದರೂ ರ‍್ಯಾಮ್‌ನಲ್ಲಿ ಜಾಗ ಇರುವವರೆಗೆ ಡಿಸ್ಕ್‌ನಿಂದ ಓದುವುದು ಒಂದೇ ಸಲ. ಕಂಪೈಲರ್ ಬರೆದ ಫೈಲ್ ಕೂಡ ಮೊದಲು ರ‍್ಯಾಮ್‌ಗೇ ಹೋಗುತ್ತದೆ, ಡಿಸ್ಕ್‌ಗೆ ಇಳಿಯುವುದು ಆಮೇಲೆ. ಜೊತೆಗೆ, ಕಂಪೈಲ್ ಅನ್ನುವುದು ಪ್ರೊಸೆಸರ್ ಕೆಲಸ. ಖಾನಾವಳಿಯಲ್ಲಿ ಜೋಳದ ಹಿಟ್ಟಿನ ಡಬ್ಬಿಯನ್ನು ಹತ್ತಿರ ತಂದಿಟ್ಟರೆ ನಾಲ್ಕು ಹೆಜ್ಜೆ ಉಳಿಯಬಹುದು. ರೊಟ್ಟಿ ಬಡಿಯುವ ಕೈ ಮತ್ತು ಹಂಚು ಅಷ್ಟೇ ಇದ್ದರೆ ರೊಟ್ಟಿ ಜಾಸ್ತಿ ಆಗುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಎರಡು ಬಿಲ್ಡ್ (ಪೂರ್ತಿ ಕಂಪೈಲ್) ಸಾಕು.

ಮೊದಲು ಮೇಕ್ ಕ್ಲೀನ್ (make clean) ಹೊಡೆದು ಹಿಂದಿನ ಬಿಲ್ಡ್‌ನ ಫೈಲುಗಳನ್ನೆಲ್ಲ ಅಳಿಸಿ. ಬರೆಯಲು ಬಾಕಿ ಇದ್ದದ್ದು ಡಿಸ್ಕ್‌ಗೆ ಇಳಿಯಲಿ ಎಂದು ಸಿಂಕ್ (sync) ಕಮಾಂಡ್ ಕೊಡಿ. ರೂಟ್ (ಅಡ್ಮಿನ್) ಆಗಿ, ಪ್ರಾಕ್ ಒಳಗಿನ ಡ್ರಾಪ್ ಕ್ಯಾಶಸ್ (/proc/sys/vm/drop_caches) ಎಂಬ ಫೈಲಿಗೆ 3 ಎಂದು ಬರೆಯಿರಿ. ಆಗ ಕ್ಯಾಶ್ ಖಾಲಿಯಾಗುತ್ತದೆ. ಈಗ ಮೇಕ್ ಕಮಾಂಡಿಗೆ ಮೊದಲು ಟೈಮ್ ಎಂದು ಸೇರಿಸಿ ಬಿಲ್ಡ್ ಮಾಡಿ. ಮುಗಿದ ಮೇಲೆ ಮತ್ತೆ ಮೇಕ್ ಕ್ಲೀನ್ ಮಾಡಿ, ಕ್ಯಾಶ್ ಮುಟ್ಟದೆ ಇನ್ನೊಮ್ಮೆ ಅದೇ ಬಿಲ್ಡ್ ಮಾಡಿ. ಎರಡರ ನಡುವಿನ ವ್ಯತ್ಯಾಸವೇ ಡಿಸ್ಕ್‌ನಿಂದ ಓದಲು ಹಿಡಿದ ಸಮಯ. ಅದು ಚಿಕ್ಕದಾಗಿದ್ದರೆ ರ‍್ಯಾಮ್ ಡಿಸ್ಕ್‌ನಿಂದ ಸಿಗುವುದೂ ಚಿಕ್ಕದೇ.

ಟೈಮ್ ಮೂರು ಅಂಕಿ ತೋರಿಸುತ್ತದೆ. ರಿಯಲ್ ಅಂದರೆ ಗಡಿಯಾರದ ಸಮಯ. ಯೂಸರ್ ಮತ್ತು ಸಿಸ್ ಕೂಡಿಸಿದರೆ ಪ್ರೊಸೆಸರ್ ದುಡಿದ ಸಮಯ. 8 ಕೋರ್ ಇದೆ, ರಿಯಲ್ 10 ನಿಮಿಷ ಬಂತು ಅನ್ನಿ. ಆಗ ಕೋರ್‌ಗಳಿಗೆ ಸಿಕ್ಕಿದ್ದು 80 ನಿಮಿಷ. ಯೂಸರ್, ಸಿಸ್ ಸೇರಿ 76 ಬಂದರೆ ಸುಮ್ನೆ ಕೂತದ್ದು ಬರೀ 4 ನಿಮಿಷ. ಎಂಥ ಡಿಸ್ಕ್ ತಂದರೂ 10 ನಿಮಿಷದ ಕೆಲಸ ಒಂಬತ್ತೂವರೆಗಿಂತ ಕೆಳಗೆ ಇಳಿಯುವುದಿಲ್ಲ.

ನಮ್ಮ ಹುಡುಗನ ಲ್ಯಾಪ್‌ಟಾಪ್‌ನಲ್ಲಿ 4 ಕೋರ್. ಆದರೆ ರಿಯಲ್ ಎಷ್ಟೋ, ಯೂಸರ್ ಮತ್ತು ಸಿಸ್ ಸೇರಿ ಹೆಚ್ಚುಕಡಿಮೆ ಅಷ್ಟೇ ಬಂತು. ಮತ್ತೆ ಬಿಲ್ಡ್ ಹಚ್ಚಿಸಿ ಯಾವ ಪ್ರೋಗ್ರಾಮ್ ಎಷ್ಟು ಪ್ರೊಸೆಸರ್ ಬಳಸುತ್ತಿದೆ ಎಂದು ತೋರಿಸುವ ಟಾಪ್ ತೆರೆದು ನೋಡಿದೆ. ಸಿಸಿ1 (ಸಿ ಕಂಪೈಲರ್) ಎಂಬ ಒಂದೇ ಸಾಲು 100 ಪರ್ಸೆಂಟ್ ಹತ್ತಿರ ಕುಣಿಯುತ್ತಿತ್ತು. ಉಳಿದ ಮೂರು ಕೋರ್ ಖಾಲಿ. ಅವನು ಬರೀ ಮೇಕ್ ಎಂದು ಹೊಡೆದಿದ್ದ. ಒಮ್ಮೆಗೆ ನಾಲ್ಕು ಕೆಲಸ ನಡೆಸು ಎನ್ನುವ ಮೈನಸ್ ಜೆ 4 (-j4) ಹಾಕಿದ ಕೂಡಲೇ ನಾಲ್ಕು ಸಾಲು ಬಂದವು, ಫ್ಯಾನ್ ಸದ್ದು ಮಾಡಲು ಶುರುಮಾಡಿತು.

ಇಷ್ಟಾದ ಮೇಲೂ ರ‍್ಯಾಮ್ ಡಿಸ್ಕ್ ಪರೀಕ್ಷಿಸುವ ಆಸೆ ಇದ್ದರೆ ಖಂಡಿತ ಮಾಡಿ. ಫ್ರೀ ಕಮಾಂಡಿನಲ್ಲಿ ಅವೈಲಬಲ್ ಎಷ್ಟಿದೆ ನೋಡಿಕೊಳ್ಳಿ. ಮೌಂಟ್ ಕಮಾಂಡಿನಿಂದ ಒಂದು ಖಾಲಿ ಫೋಲ್ಡರಿಗೆ ಲಿನಕ್ಸ್‌ನ ರ‍್ಯಾಮ್ ಡಿಸ್ಕ್ ಆದ ಟಿಎಂಪಿಎಫ್‌ಎಸ್ ಹಚ್ಚಿ. ಸೈಜ್ ನೀವೇ ಕೊಡಿ, ಇಲ್ಲದಿದ್ದರೆ ಅದು ರ‍್ಯಾಮ್‌ನ ಅರ್ಧದವರೆಗೆ ಬೆಳೆಯುತ್ತದೆ. ಸೋರ್ಸ್ ಡಿಸ್ಕ್‌ನಲ್ಲೇ ಇರಲಿ, ಬಿಲ್ಡ್‌ನಿಂದ ಬರುವ ಫೈಲುಗಳು ಮಾತ್ರ ಅಲ್ಲಿಗೆ ಹೋಗಲಿ. ಬಂದ ಸಮಯವನ್ನು ಎರಡನೇ ಬಿಲ್ಡ್ ಜೊತೆ ಹೋಲಿಸಿ, ಮೊದಲನೆಯದರ ಜೊತೆ ಅಲ್ಲ. ತುಂಬಾ ಜನ ತಪ್ಪುವುದು ಇಲ್ಲೇ.

8 ಜಿಬಿ ಯಂತ್ರದಲ್ಲಿ ನಾನಂತೂ ಬೇಡ ಎನ್ನುತ್ತೇನೆ. ಕರ್ನಲ್ ಸೋರ್ಸ್ ಒಂದೇ 1 ಜಿಬಿ ದಾಟುತ್ತದೆ. ಡಿಬಗ್ ಮಾಹಿತಿ ಸೇರಿಸಿ ಪೂರ್ತಿ ಬಿಲ್ಡ್ ಮಾಡಿದರೆ 10 ಜಿಬಿ ಕೂಡ ಸಾಲುವುದಿಲ್ಲ. ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂ ಬಿಲ್ಡ್ ಮಾಡುವವರು 100 ಜಿಬಿ ಖಾಲಿ ಇಟ್ಟುಕೊಳ್ಳಬೇಕು. ಟಿಎಂಪಿಎಫ್‌ಎಸ್ ತಿನ್ನುವುದು ಕಂಪೈಲರಿಗೇ ಬೇಕಾದ ರ‍್ಯಾಮ್. ಅದು ಸಾಲದೆ ಫೈಲುಗಳು ಡಿಸ್ಕ್‌ನಲ್ಲಿರುವ ಸ್ವಾಪ್‌ಗೆ ಹೋದರೆ ಮತ್ತೆ ಡಿಸ್ಕ್‌ಗೇ ಬಂದಂತಾಯಿತು, ಅದೂ ಇನ್ನಷ್ಟು ನಿಧಾನವಾಗಿ.

ಇದು ನಿಜಕ್ಕೂ ಉಪಯೋಗಕ್ಕೆ ಬರುವ ಜಾಗವೂ ಇದೆ. ಡೇಟಾಬೇಸ್ ಟೆಸ್ಟ್‌ಗಳು ಪ್ರತಿ ಸಲ ಎಫ್‌ಸಿಂಕ್ ಮಾಡಿ, ಡಿಸ್ಕ್‌ಗೆ ಇಳಿಯುವವರೆಗೆ ಕಾಯುತ್ತವೆ. ಟಿಎಂಪಿಎಫ್‌ಎಸ್‌ನಲ್ಲಿ ಆ ಕಾಯುವಿಕೆ ಇಲ್ಲ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ರ‍್ಯಾಮ್ ಧಾರಾಳವಾಗಿದ್ದು ಹಳೆ ಹಾರ್ಡ್ ಡಿಸ್ಕ್ ಇದ್ದರೂ ಸ್ವಲ್ಪ ಲಾಭವಿದೆ. ಪ್ರೋಗ್ರಾಮುಗಳನ್ನು ತಾವೇ ಕಂಪೈಲ್ ಮಾಡಿಕೊಳ್ಳುವ ಜೆಂಟೂ ಲಿನಕ್ಸ್ ಬಳಸುವ ಕೆಲವರು ಎಸ್‌ಎಸ್‌ಡಿ ಸವೆಯದಿರಲಿ ಎಂದೇ ಹೀಗೆ ಮಾಡುತ್ತಾರೆ.

ನಮ್ಮ ಕಡೆ ಅಡ್ಡಮಳೆ ದಿನಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆಫ್ ಆದರೆ ರ‍್ಯಾಮ್ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋಯಿತು. ಗಿಟ್ ಫೋಲ್ಡರನ್ನೇ ಅಲ್ಲಿಟ್ಟಿದ್ದರೆ, ಪುಶ್ ಮಾಡದ ಕಮಿಟ್ ಕೂಡ ಉಳಿಯದು.

ಹುಡುಗನಿಗೆ ಸಿಸಿಕ್ಯಾಶ್ ಹಾಕಿಕೊಟ್ಟೆ. ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳುವ ಸಾಂಬಾ ಬರೆದ ಆಂಡ್ರ್ಯೂ ಟ್ರಿಜೆಲ್ ಅವರೇ ಇದನ್ನೂ ಮೊದಲು ಬರೆದದ್ದು. ಮೊದಲು ಕಂಪೈಲ್ ಆದ ಫೈಲ್ ಬದಲಾಗದಿದ್ದರೆ ಹಳೆಯ ಫಲಿತಾಂಶವನ್ನೇ ತೆಗೆದುಕೊಡುತ್ತದೆ. ಚಹಾ ಕುಡಿದು, ಪ್ರತಿ ಸಲ ಮೇಕ್ ಕ್ಲೀನ್ ಮಾಡಿ ಎರಡು ಸಲ ಬಿಲ್ಡ್ ಹೊಡೆದ. ಎರಡನೆಯದು ಮುಗಿದ ವೇಗ ನೋಡಿ, ಅದೇ ಲೆಕ್ಕವನ್ನು ಡೈರಿಯಲ್ಲಿ ಬರೆದುಕೊಂಡು ಸಂಜೆ ಚಿಗರಿ ಬಸ್ ಹತ್ತಿದ.