ಓದುವ ಮೇಜಿನ ಮೇಲೆ ಬೆಳಕು ಎಷ್ಟಿದೆ? ಅಳೆದು ನೋಡಿ

"ಇಷ್ಟು ಬೆಳಕಿದೆಯಲ್ಲ, ಇನ್ನೇನು ಬೇಕು?" ಓದುವ ಮೇಜಿಗೆ ಬೇರೆ ದೀಪ ಬೇಕು ಎಂದ ಮಗಳಿಗೆ ನಾನು ಹೇಳಿದ ಮಾತಿದು. ಬೆಳಕು ಅಳೆಯುವ ಲಕ್ಸ್ ಮೀಟರನ್ನು ಸ್ನೇಹಿತರಿಂದ ತಂದು ಅವಳ ಪುಸ್ತಕದ ಮೇಲಿಟ್ಟೆ. ಬಂದದ್ದು 85. ಓದು ಬರಹಕ್ಕೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಇರಬೇಕು ಎನ್ನುತ್ತಾರೆ. ಮಾತು ವಾಪಸ್ ತಗೊಂಡೆ.

ನಮ್ಮ ಕಣ್ಣು ಬಲು ಹೊಂದಾಣಿಕೆಯದ್ದು. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಎರಡರಲ್ಲೂ ದಾರಿ ಕಾಣುವ ಕಣ್ಣಿಗೆ 85ಕ್ಕೂ 300ಕ್ಕೂ ಇರುವ ವ್ಯತ್ಯಾಸ ಹೇಗೆ ತಿಳಿಯಬೇಕು?

ಬಲ್ಬಿನ ಡಬ್ಬದ ಮೇಲೆ ಬರೆದಿರುವುದು ಲ್ಯೂಮೆನ್. ಅದು ಬಲ್ಬಿನಿಂದ ಹೊರಡುವ ಬೆಳಕಿನ ಲೆಕ್ಕ. ಮೇಜಿನ ಮೇಲೆ ಬಂದು ಬೀಳುವುದರ ಲೆಕ್ಕ ಲಕ್ಸ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್.

ಕತ್ತಲಾದ ಮೇಲೆ ಅಳೆಯಿರಿ. ಕಿಟಕಿಯ ಬೆಳಕು ಸೇರಿಕೊಳ್ಳುವುದಿಲ್ಲ. ದೀಪ ಹಾಕಿ ಹತ್ತು ನಿಮಿಷ ಬಿಡಿ. ಹಳೆಯ ಟ್ಯೂಬ್‌ಲೈಟ್ ಆದರಂತೂ ಹಾಕಿದ ಕೂಡಲೇ ಪೂರ್ತಿ ಬೆಳಕು ಕೊಡುವುದಿಲ್ಲ.

ಮೀಟರ್ ಆನ್ ಮಾಡಿ, ಬೆಳಕು ಹಿಡಿಯುವ ಭಾಗವಾದ ಸೆನ್ಸರ್‌ನ ಮುಚ್ಚಳ ಹಾಗೇ ಇರಲಿ. ಸೊನ್ನೆ ತೋರಿಸಬೇಕು. ಇಲ್ಲದಿದ್ದರೆ ಜೀರೋ ಬಟನ್ ಒತ್ತಿ. ಅಳತೆ ಲಕ್ಸ್‌ನಲ್ಲೇ ಇದೆಯಾ ಅಂತಲೂ ನೋಡಿ. ಕೆಲವು ಮೀಟರ್‌ಗಳಲ್ಲಿ ಫೂಟ್ ಕ್ಯಾಂಡಲ್ ಎಂಬ ಇನ್ನೊಂದು ಅಳತೆ ಕೂಡ ಇರುತ್ತದೆ. ಒಂದು ಫೂಟ್ ಕ್ಯಾಂಡಲ್ ಅಂದರೆ ಹೆಚ್ಚುಕಡಿಮೆ 10.8 ಲಕ್ಸ್. ಗೊತ್ತಾಗದೆ ಓದಿಕೊಂಡರೆ ಮನೆ ಗವಿ ಅಂದುಕೊಳ್ಳುತ್ತೀರಿ. ರೇಂಜ್, ಅಂದರೆ ಎಷ್ಟರವರೆಗೆ ಅಳೆಯಬೇಕೆಂಬ ಮಿತಿ, ನಾವೇ ಬದಲಿಸುವ ಮೀಟರ್ ಆದರೆ 2000ಕ್ಕೆ ಇಡಿ, ಮನೆಯೊಳಗೆ ಸಾಕು. ಪರದೆಯ ಎಡತುದಿಯಲ್ಲಿ ಬರೀ 1 ಬಂದು ನಿಂತರೆ ಬೆಳಕು ಆ ರೇಂಜ್ ದಾಟಿದೆ ಎಂದರ್ಥ.

ಇನ್ನು ಎಲ್ಲರೂ ಎಡವುವ ಜಾಗ. ಮೀಟರ್ ಕೈಗೆ ಬಂದರೆ ಸಾಕು, ಅದರ ಸೆನ್ಸರ್ ಮೇಲಿನ ಬಿಳಿ ಗುಮ್ಮಟವನ್ನು ಬಲ್ಬಿನ ಕಡೆ ಎತ್ತಿ ಹಿಡಿಯುತ್ತೇವೆ. ನಾನೂ ಹಾಗೇ ಮಾಡಿದ್ದೆ. ಸಂಖ್ಯೆ ಚೆನ್ನಾಗೇ ಬರುತ್ತದೆ, ಆದರೆ ನಾವು ಓದುವುದು ಬಲ್ಬನ್ನಲ್ಲ, ಪುಸ್ತಕವನ್ನು ಅಲ್ವಾ? ಸೆನ್ಸರ್ ಅನ್ನು ಪುಸ್ತಕ ಇಡುವ ಜಾಗದಲ್ಲೇ ಮಲಗಿಸಿ, ಗುಮ್ಮಟ ಮೇಲೆ ನೋಡುತ್ತಿರಲಿ. ಆಮೇಲೆ ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ. ನಿಮ್ಮ ನೆರಳು ಬಿದ್ದರೆ ಅಳೆದದ್ದು ನೆರಳನ್ನೇ. ಬಿಳಿ ಅಂಗಿ ಹಾಕಿಕೊಂಡು ಹತ್ತಿರ ಬಗ್ಗಿದರೆ ಅಂಗಿಗೆ ಬಡಿದ ಬೆಳಕೂ ಲೆಕ್ಕಕ್ಕೆ ಬಂದುಬಿಡುತ್ತದೆ. ಅಂಕಿ ನಿಂತ ಮೇಲೆ ಹೋಲ್ಡ್ ಬಟನ್ ಒತ್ತಿ ಬರೆದುಕೊಳ್ಳಿ.

ಮೇಜಿನ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ನಂತರ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಮತ್ತೊಮ್ಮೆ ಅಳೆಯಿರಿ. ನಮ್ಮ ಮನೆಯಲ್ಲಿ ಟ್ಯೂಬ್‌ಲೈಟ್ ಇದ್ದದ್ದು ಅವಳ ಬೆನ್ನ ಹಿಂದೆ. ಅವಳು ಕೂತ ತಕ್ಷಣ 85 ಇದ್ದದ್ದು 50ರ ಹತ್ತಿರ ಇಳಿಯಿತು. ನಿಜವಾದ ಅಳತೆ ಅದೇ.

ಟೇಬಲ್ ಲ್ಯಾಂಪ್ ತಂದರೆ ದೂರವನ್ನೂ ಸ್ವಲ್ಪ ಆಡಿಸಿ ನೋಡಿ. ಚಿಕ್ಕ ಬಲ್ಬನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ಬೆಳಕು ಅರ್ಧವಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕಿರಲಿ.

ಹಗಲಲ್ಲೇ ಅಳೆಯಬೇಕಾದರೆ ದೀಪ ಹಾಕಿ ಒಮ್ಮೆ, ಆರಿಸಿ ಒಮ್ಮೆ ಅಳೆದು ಕಳೆಯಿರಿ. ಮೋಡ ಓಡಾಡುವ ದಿನ ಮಾತ್ರ ಈ ಲೆಕ್ಕ ನಂಬಬೇಡಿ.

ಮೊಬೈಲ್ ಆ್ಯಪ್ ಸಾಕಲ್ವಾ ಎಂದು ಕೇಳುವವರಿದ್ದಾರೆ. ಫೋನಿನ ಸೆನ್ಸರ್ ಇರುವುದು ಪರದೆಯ ಬೆಳಕು ಹೊಂದಿಸಲು. ಒಂದು ಫೋನ್ ತೋರಿಸಿದ್ದನ್ನು ಇನ್ನೊಂದು ತೋರಿಸುವುದಿಲ್ಲ. ದೀಪ ಸರಿಸುವ ಮೊದಲು, ಸರಿಸಿದ ಮೇಲೆ ಎಂದು ಹೋಲಿಸಲು ಅಡ್ಡಿಯಿಲ್ಲ.

ಬಾಲ್ಕನಿಯ ಗಿಡಗಳಿಗೆ ಹಾಕುವ ನೇರಳೆ ದೀಪಕ್ಕೆ ಮಾತ್ರ ಈ ಮೀಟರ್ ಹಿಡಿಯಬೇಡಿ. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಚುರುಕಾಗಿ ಕಾಣುತ್ತದೆ, ಮೀಟರನ್ನೂ ಹಾಗೇ ಹೊಂದಿಸಿರುತ್ತಾರೆ. ಕೆಂಪು, ನೀಲಿ ಬೆಳಕನ್ನು ಅದು ತೀರಾ ಕಡಿಮೆ ತೋರಿಸುತ್ತದೆ. ಗಿಡಕ್ಕೆ ಬೇಕಾದದ್ದು ಅವೇ ಜಾಸ್ತಿ.